ಔಷಧದಿಂದ ಬಾಯಿ, ಕೈಕಾಲು ತಾನಾಗಿ ಆಡತೊಡಗಿದರೆ: ಪರೀಕ್ಷಿಸುವ ಕ್ರಮ ಮತ್ತು ನೈಟ್ರಿಕ್ ಆಕ್ಸೈಡ್‌ನ ಪಾತ್ರ

ಹ್ಯಾಲೊಪೆರಿಡಾಲ್, ರಿಸ್ಪೆರಿಡೋನ್‌ನಂಥ ಮನೋರೋಗದ ಔಷಧಗಳನ್ನು ತಿಂಗಳುಗಟ್ಟಲೆ ತೆಗೆದುಕೊಂಡ ಕೆಲವರಲ್ಲಿ ತುಟಿ ಚಪ್ಪರಿಸುವುದು, ನಾಲಿಗೆ ಹೊರಳುವುದು, ಬೆರಳು ತಾನಾಗಿ ಆಡುವುದು ಶುರುವಾಗುತ್ತದೆ. ಇದು ಟಾರ್ಡಿವ್ ಡಿಸ್ಕೈನೀಸಿಯಾ. ವಾಂತಿಗೆ ಕೊಡುವ ಮೆಟೊಕ್ಲೋಪ್ರಮೈಡ್‌ನಿಂದಲೂ ಬರುತ್ತದೆ; ಹಾಗಾಗಿಯೇ ಅದನ್ನು 12 ವಾರ ಮೀರಿ ಕೊಡಬಾರದು. ಅನೇಕ ರೋಗಿಗಳಿಗೆ ತಮ್ಮ ಬಾಯಿ ಆಡುತ್ತಿರುವುದೇ ತಿಳಿಯುವುದಿಲ್ಲ. ಆದ್ದರಿಂದ ಜೊತೆಗಿರುವವರೇ ಕಣ್ಣಿಟ್ಟು ನೋಡಬೇಕು.

ನೋಡುವುದಕ್ಕೆ ಎ.ಐ.ಎಂ.ಎಸ್. (ತಾನಾಗಿ ಆಗುವ ಅಸಹಜ ಚಲನೆಗಳನ್ನು ಅಳೆಯುವ ಅಂಕಪಟ್ಟಿ) ಎಂಬ ಮಾಪಕ 1976ರಿಂದ ಬಳಕೆಯಲ್ಲಿದೆ. ಹತ್ತು ನಿಮಿಷ ಸಾಕು. ಮೊದಲು ಅವರಿಗೆ ಗೊತ್ತಾಗದಂತೆ ಸುಮ್ಮನೆ ಗಮನಿಸಿ. ಬಾಯಲ್ಲಿ ಏನಾದರೂ ಇದ್ದರೆ ತೆಗೆಸಿ. ಹಲ್ಲುಸೆಟ್ಟು ಸಡಿಲವಿದೆಯೇ ಎಂದು ಕೇಳಿ, ಏಕೆಂದರೆ ಸಡಿಲ ಸೆಟ್ಟಿನಿಂದಲೂ ದವಡೆ ಆಡುತ್ತದೆ. ಚಪ್ಪಲಿ, ಕಾಲುಚೀಲ ಬಿಚ್ಚಿಸಿ, ಕೈಯಿಲ್ಲದ ಗಟ್ಟಿ ಕುರ್ಚಿಯಲ್ಲಿ ಪಾದ ನೆಲಕ್ಕೂರಿ ಕೂರಿಸಿ. ಕೈಗಳು ಮೊದಲು ಮಂಡಿಯ ಮೇಲಿರಲಿ, ಆಮೇಲೆ ಆಧಾರವಿಲ್ಲದೆ ಜೋತಾಡಲಿ. ಬಾಯಿ ಎರಡು ಸಲ ತೆರೆಸಿ, ನಾಲಿಗೆ ಒಳಗೇ ಇದ್ದಾಗ ನೋಡಿ. ಹೊರಚಾಚಿಸುವುದು ಅದಾದ ಮೇಲೆ, ಅದೂ ಎರಡು ಸಲ.

ಮುಂದಿನ ಹಂತದಲ್ಲೇ ಹೆಚ್ಚಿನವರು ಎಡವುತ್ತಾರೆ. ಹೆಬ್ಬೆರಳಿನಿಂದ ಉಳಿದ ಬೆರಳುಗಳನ್ನು ಒಂದೊಂದಾಗಿ 10ರಿಂದ 15 ಸೆಕೆಂಡು ಬೇಗಬೇಗ ತಟ್ಟಲು ಹೇಳಿ. ಮೊದಲು ಬಲಗೈ, ಆಮೇಲೆ ಎಡಗೈ. ಆಗ ನೀವು ನೋಡಬೇಕಾದದ್ದು ಆ ಕೈಯನ್ನಲ್ಲ, ಮುಖ ಮತ್ತು ಕಾಲುಗಳನ್ನು. ಗಮನ ಕೈಗೆ ಹೋದಾಗ ಅಡಗಿದ್ದ ಚಲನೆ ಅಲ್ಲಿ ಹೊರಬೀಳುತ್ತದೆ. ಕೊನೆಗೆ ನಿಲ್ಲಿಸಿ, ಅಂಗೈ ಕೆಳಗೆ ಮಾಡಿ ಕೈ ಮುಂದೆ ಚಾಚಿಸಿ. ಕೆಲವು ಹೆಜ್ಜೆ ನಡೆಸಿ, ತಿರುಗಿಸಿ, ವಾಪಸ್ ಕರೆಸಿ.

ಮುಖ, ತುಟಿ, ದವಡೆ, ನಾಲಿಗೆ, ಕೈ, ಕಾಲು, ಮುಂಡ: ಈ ಏಳಕ್ಕೂ 0 (ಚಲನೆ ಇಲ್ಲ) ಇಂದ 4 (ತೀವ್ರ) ವರೆಗೆ ಅಂಕ. ಎರಡು ಭಾಗಗಳಲ್ಲಿ 2, ಅಥವಾ ಒಂದರಲ್ಲಿ 3 ಬಂದು, ಔಷಧ ಒಟ್ಟು ಮೂರು ತಿಂಗಳಾದರೂ ಹೊಟ್ಟೆಗೆ ಹೋಗಿದ್ದರೆ ಟಾರ್ಡಿವ್ ಡಿಸ್ಕೈನೀಸಿಯಾ ಎಂದು ಬಲವಾಗಿ ಶಂಕಿಸಬೇಕು. ತಾಳಬದ್ಧ ನಡುಕಕ್ಕೆ ಇಲ್ಲಿ ಅಂಕವಿಲ್ಲ. ಅದು ಪಾರ್ಕಿನ್ಸನ್ ಬಗೆಯ ತೊಂದರೆ. ಎರಡನ್ನೂ ಒಂದೇ ಎಂದುಕೊಂಡರೆ ಅಪಾಯ: ನಡುಕಕ್ಕೆ ಕೊಡುವ ಟ್ರೈಹೆಕ್ಸಿಫೆನಿಡಿಲ್ ನಡುಕವನ್ನು ತಗ್ಗಿಸಿದರೂ ಟಾರ್ಡಿವ್ ಚಲನೆಯನ್ನು ಹೆಚ್ಚಿಸಬಹುದು.

ಇನ್ನು ನೈಟ್ರಿಕ್ ಆಕ್ಸೈಡ್, ನರಕೋಶಗಳ ನಡುವೆ ಸಂಕೇತ ಒಯ್ಯುವ ಒಂದು ಅನಿಲ. ಮಿದುಳಿನಲ್ಲಿ ಚಲನೆಯನ್ನು ಹದಗೊಳಿಸುವ ಸ್ಟ್ರಯೇಟಮ್ ಎಂಬ ಭಾಗದಲ್ಲಿ ನೂರಕ್ಕೆ ಒಂದೆರಡು ನರಕೋಶಗಳು ಮಾತ್ರ ಇದನ್ನು ತಯಾರಿಸುತ್ತವೆ. ನರಕೋಶವನ್ನು ಕೆರಳಿಸುವ ಗ್ಲುಟಮೇಟ್ ತಗುಲಿದಾಗ ಕೋಶದೊಳಗೆ ಕ್ಯಾಲ್ಸಿಯಂ ನುಗ್ಗುತ್ತದೆ, ಕಿಣ್ವ ಎಚ್ಚೆತ್ತು ಆರ್ಜಿನೈನ್ ಎಂಬ ಅಮೈನೋ ಆಮ್ಲದಿಂದ ಈ ಅನಿಲವನ್ನು ಹುಟ್ಟಿಸುತ್ತದೆ. ಅದು ಪಕ್ಕದ ಕೋಶಗಳಿಗೆ ಹರಡಿ ಚಲನೆಯ ಸಂಕೇತವನ್ನು ತಿದ್ದುತ್ತದೆ. ಆದರೆ ಸೂಪರಾಕ್ಸೈಡ್ ಎಂಬ ಚುರುಕು ಆಮ್ಲಜನಕ ರೂಪದ ಜೊತೆ ಸೇರಿದರೆ ಪೆರಾಕ್ಸಿನೈಟ್ರೈಟ್ ಎಂಬ ವಿಷವಸ್ತುವಾಗಿ ಕೋಶವನ್ನೇ ಸುಡುತ್ತದೆ. ಚಲನೆಗೆ ಬೇಕಾದ ಡೋಪಮೈನ್ ಎಂಬ ಮಿದುಳಿನ ರಾಸಾಯನಿಕದ ಗ್ರಾಹಕವನ್ನು ಔಷಧ ದೀರ್ಘಕಾಲ ಅಡ್ಡಗಟ್ಟಿದಾಗ ಗ್ಲುಟಮೇಟ್ ಹೆಚ್ಚಿ ಇದಕ್ಕೆ ದಾರಿಯಾಗುತ್ತದೆ ಎಂಬುದು ಒಂದು ವಿವರಣೆ.

ಹಾಗಾದರೆ ಅದನ್ನು ತಡೆದುಬಿಟ್ಟರಾಯಿತಲ್ಲ? ಇಲ್ಲ. ಕಿಣ್ವವನ್ನು ತಡೆಯುವ 7-ನೈಟ್ರೋಇಂಡಜೋಲ್ ಇಲಿಗಳಲ್ಲಿ ಪಾರ್ಕಿನ್ಸನ್ ಔಷಧವಾದ ಲೆವೊಡೋಪಾದಿಂದ ಬಂದ ಅತಿಚಲನೆಯನ್ನು ತಗ್ಗಿಸಿದೆ. ಅದೇ ವಸ್ತು ದಂಶಕಗಳನ್ನು (ಇಲಿ ಜಾತಿಯ ಪ್ರಾಣಿಗಳನ್ನು) ಮರಗಟ್ಟಿ ನಿಲ್ಲುವಂತೆಯೂ ಮಾಡಿದೆ. ಅಂದರೆ ಈ ಅನಿಲ ಹೆಚ್ಚಿದರೂ ತೊಂದರೆ, ತಗ್ಗಿದರೂ ತೊಂದರೆ. ಆದ್ದರಿಂದ ಆರ್ಜಿನೈನ್ ಪುಡಿಯನ್ನಾಗಲಿ, ನೈಟ್ರಿಕ್ ಆಕ್ಸೈಡ್ ಹೆಚ್ಚಿಸುತ್ತದೆಂದು ಮಾರುವ ಪೂರಕಗಳನ್ನಾಗಲಿ ಇದಕ್ಕೆ ಮದ್ದೆಂದು ತೆಗೆದುಕೊಳ್ಳಬೇಡಿ. ರಕ್ತನಾಳ ಹಿಗ್ಗಿ, ಮೊದಲೇ ರಕ್ತದೊತ್ತಡ ಇಳಿಸುವ ಔಷಧದ ಜೊತೆ ತಲೆಸುತ್ತು ಬಂದೀತು.

ಚಲನೆ ಕಂಡಿತೆಂದು ಮಾತ್ರೆಯನ್ನು ಏಕಾಏಕಿ ನಿಲ್ಲಿಸಲೇಬೇಡಿ. ಚಲನೆ ಉಲ್ಬಣಿಸಬಹುದು, ಮೂಲ ಕಾಯಿಲೆ ಮರುಕಳಿಸಬಹುದು. ಅಂಕಪಟ್ಟಿ ಹಿಡಿದು ವೈದ್ಯರ ಬಳಿ ಹೋಗಿ: ಪ್ರಮಾಣ ಇಳಿಸಲು, ಔಷಧ ಬದಲಿಸಲು, ವ್ಯಾಲ್ಬೆನಜೀನ್ ಅಥವಾ ಡ್ಯುಟೆಟ್ರಾಬೆನಜೀನ್ ಕೊಡಲು ಅವರಿಗೆ ದಾರಿಯಿದೆ. ಇವೆರಡೂ 2017ರಲ್ಲಿ ಅಮೆರಿಕದಲ್ಲಿ ಇದಕ್ಕೆಂದೇ ಒಪ್ಪಿಗೆ ಪಡೆದಿವೆ. ಮೊದಲ ಮಾತ್ರೆಗೂ ಮುನ್ನ ಒಂದು ಪರೀಕ್ಷೆ, ನಂತರ ವರ್ಷಕ್ಕೊಂದು, ವಯಸ್ಸಾದವರಲ್ಲಿ ಆರು ತಿಂಗಳಿಗೊಂದು ಮಾಡಿಸಿ. ಪ್ರತಿ ಸಲವೂ ಅದೇ ಕುರ್ಚಿ, ಅದೇ ಕ್ರಮ, ಸಾಧ್ಯವಾದರೆ ವಿಡಿಯೊ.