ಉಪ್ಪುಗಾಳಿಗೆ ಮಂಕಾದ ಬೈಕ್ ಇಂಜಿನ್‌ಗೆ ಮತ್ತೆ ಹೊಳಪು: ನನ್ನ ಅನುಭವ

ಕಾರವಾರದ ಕಡೆಯ ಹಳೆ ಬೈಕುಗಳ ಇಂಜಿನ್ ಕೆಡುವುದು ಬಿಸಿಲಿಗಿಂತ ಹೆಚ್ಚಾಗಿ ಉಪ್ಪಿಗೆ. ಇಂಜಿನ್ ಸೈಡ್ ಕವರಿನ ಲ್ಯಾಕರ್ (ಮೇಲಿನ ಪಾರದರ್ಶಕ ಲೇಪ) ಮೊದಲು ಬಿರಿಯುವುದು ಸ್ಕ್ರೂ ತಲೆಯ ಸುತ್ತ. ಅಲ್ಲಿಂದ ಒಳಸೇರಿದ ಉಪ್ಪುನೀರು ಅಲ್ಯೂಮಿನಿಯಂ ತಿನ್ನುತ್ತ, ಲ್ಯಾಕರ್ ಅಡಿಯಲ್ಲೇ ಬಿಳಿ ಎಳೆಯಾಗಿ ಹರಡುತ್ತದೆ. ಮೇಲಿಂದ ಎಷ್ಟು ಪಾಲಿಶ್ ತಿಕ್ಕಿದರೂ ಅದು ಹೋಗದು. ಘಟ್ಟದ ಮೇಲಿನ ಶಿರಸಿ ಕಡೆಯ ಗಾಡಿಗಳಲ್ಲಿ ಈ ಕಾಟ ಕಡಿಮೆ. ಇಂಜಿನ್ ತಂಪಾಗಿಸುವ ಪಟ್ಟಿಗಳ, ಅಂದರೆ ಫಿನ್ ಸಂದಿಯ ಕೆಮ್ಮಣ್ಣು, ಜಿಡ್ಡು ತೆಗೆದರೆ ಅರ್ಧ ಕೆಲಸ ಆದಂತೆ.

ಜಿಡ್ಡಿಗೆ ಡೀಸೆಲ್ ಮತ್ತು ಬ್ರಷ್, ಆಮೇಲೆ ಸೋಪಿನ ನೀರು, ಕೊನೆಗೆ ಸಿಹಿನೀರು. ಕಡಲ ಹತ್ತಿರದ ಬಾವಿ ಬೇಸಿಗೆಯಲ್ಲಿ ಸವಳಾಗಿದ್ದರೆ ಆ ನೀರು ಬೇಡ. ಟಾಯ್ಲೆಟ್ ಆಸಿಡ್, ಕಾಸ್ಟಿಕ್ ಸೋಡಾ ಮುಟ್ಟಲೇಬೇಡಿ, ಎರಡೂ ಅಲ್ಯೂಮಿನಿಯಂ ಕರಗಿಸುತ್ತವೆ.

ಕವರಿನ ಸ್ಕ್ರೂಗಳಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿ, ಇಂಪ್ಯಾಕ್ಟ್ ಡ್ರೈವರಿನಲ್ಲೇ (ಸುತ್ತಿಗೆಯಿಂದ ಹೊಡೆದರೆ ತಿರುಗುವ ಸ್ಕ್ರೂಡ್ರೈವರ್) ಬಿಚ್ಚುತ್ತೇನೆ. ಸಾದಾ ಸ್ಕ್ರೂಡ್ರೈವರ್ ತಲೆ ಸವೆಸಿಬಿಡುತ್ತದೆ. ಕ್ಲಚ್ ಕಡೆಯ ಕವರ್ ಬಿಚ್ಚುವ ಮೊದಲು ಆಯಿಲ್ ಇಳಿಸಿ, ಹೊಸ ಗ್ಯಾಸ್ಕೆಟ್ (ಆಯಿಲ್ ಸೋರದಂತೆ ಕವರಿನಡಿ ಕೂರುವ ತೆಳು ಹಾಳೆ) ತಂದಿಟ್ಟುಕೊಳ್ಳಿ. ಬಿಚ್ಚಿದ ಕವರಿಗೆ ಪೇಂಟ್ ರಿಮೂವರ್ ಬಳಿದು, ಲ್ಯಾಕರ್ ಉಬ್ಬಿದ ಮೇಲೆ ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆಯಿರಿ; ಕೈಗವಸು ಇರಲಿ. ನಂತರ ನೀರು ಹಾಕುತ್ತ 400, 600, 800, 1200 ನಂಬರಿನ ವಾಟರ್ ಪೇಪರ್, ಪ್ರತಿ ನಂಬರೂ ಹಿಂದಿನದಕ್ಕೆ ಅಡ್ಡವಾಗಿ. ಹಿಂದಿನ ಗೆರೆ ಪೂರ್ತಿ ಅಳಿಯದೆ ಮುಂದಿನದಕ್ಕೆ ಹೋದರೆ ಪಾಲಿಶ್ ಆದಮೇಲೆ ಅದೇ ಎದ್ದು ಕಾಣುತ್ತದೆ. ಆಳದ ಗುಳಿಗಳನ್ನು ಬಿಟ್ಟುಬಿಡಿ, ಅವುಗಳ ಬೆನ್ನು ಹತ್ತಿದರೆ ಕವರಿನ ಮೇಲಿನ ಅಕ್ಷರಗಳೇ ಸವೆದುಹೋಗುತ್ತವೆ. ಕೊನೆಗೆ ಮೆಟಲ್ ಪಾಲಿಶ್. ಮತ್ತೆ ಲ್ಯಾಕರ್ ಹೊಡೆಯುವುದು ನನಗೆ ಒಪ್ಪಿಗೆಯಿಲ್ಲ. ಒಂದು ಕಲ್ಲು ಸಿಡಿದು ತಾಗಿದರೆ ಅದೇ ಕಥೆ ಮತ್ತೆ ಶುರು. ತಿಂಗಳಿಗೊಮ್ಮೆ ವ್ಯಾಕ್ಸ್ ತಿಕ್ಕುವುದೇ ವಾಸಿ.

ಇಂಜಿನ್‌ಗೆ ಕಪ್ಪು ಬಣ್ಣ ಹೊಡೆಯುವಾಗ ಹೆಚ್ಚಿನವರು ಎಡವುವುದು ಒಂದೇ ಕಡೆ: ಸೈಲೆನ್ಸರಿಗೆ ಹೊಡೆಯುವ 600 ಡಿಗ್ರಿ ಪೇಂಟನ್ನೇ ಇಡೀ ಇಂಜಿನ್‌ಗೆ ಹೊಡೆಯುತ್ತಾರೆ. ಆ ಸಿಲಿಕೋನ್ ಬಣ್ಣ ಗಟ್ಟಿಯಾಗಲು ಸುಮಾರು 200 ಡಿಗ್ರಿ ಕಾವು ಬೇಕು. ಇಂಜಿನ್‌ನ ಕೆಳಭಾಗದ ಕ್ರ್ಯಾಂಕ್‌ಕೇಸ್ ಅಷ್ಟು ಕಾಯುವುದೇ ಇಲ್ಲ, ಹಾಗಾಗಿ ಕಾರ್ಬ್ಯುರೇಟರಿನಿಂದ ಪೆಟ್ರೋಲ್ ತೊಟ್ಟಿಕ್ಕಿದರೆ ಬಣ್ಣ ಬಟ್ಟೆಗೆ ಬರುತ್ತದೆ. ಕೇಸಿಗೆ ಹಾರ್ಡ್‌ನರ್ ಬೆರೆಸುವ ಪಿಯು (ಪಾಲಿಯುರೆಥೇನ್) ಪೇಂಟ್ ಸರಿ. ಹೀಟ್ ಪೇಂಟ್ ಏನಿದ್ದರೂ ಮೇಲಿನ, ಹೆಚ್ಚು ಕಾಯುವ ಹೆಡ್ಡು, ಬ್ಯಾರಲ್‌ಗೆ. ಅವನ್ನು ಬಿಚ್ಚಿದ್ದರೆ ಡಬ್ಬಿಯ ಮೇಲೆ ಬರೆದಷ್ಟು ಕಾವಿನಲ್ಲಿ ಓವನ್‌ನಲ್ಲಿ ಬೇಯಿಸುವುದು ಉತ್ತಮ. ಸ್ಪ್ರೇ 20–25 ಸೆಂ.ಮೀ. ದೂರದಿಂದ, ತೆಳುವಾಗಿ 2–3 ಕೋಟ್. ದಪ್ಪವಾದರೆ ಫಿನ್ ಅಂಚಿನಲ್ಲಿ ಚಕ್ಕೆ ಏಳುತ್ತದೆ. ಪ್ಲಗ್ ತೂತಿಗೆ ಹಳೇ ಪ್ಲಗ್ ಹಾಕಿ. ಗ್ಯಾಸ್ಕೆಟ್ ಕೂರುವ ಜಾಗಕ್ಕೆ ಟೇಪ್ ಅಂಟಿಸಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಕೆಲಸ ಬೇಡ, ತೇವಕ್ಕೆ ಬಣ್ಣದ ಮೇಲೆ ಬಿಳಿ ಮಬ್ಬು ಕೂರುತ್ತದೆ. ಡಿಸೆಂಬರ್–ಫೆಬ್ರುವರಿಯಲ್ಲಿ ಇಬ್ಬನಿ ಆರಿದ ಮೇಲೆ, ಮಧ್ಯಾಹ್ನದ ಕಡಲ ಗಾಳಿ ಏಳುವ ಮೊದಲು ಮುಗಿಸಿ. ಥಿನ್ನರಿನಲ್ಲಿ ಒರೆಸಿದ ಕೂಡಲೇ ಬಣ್ಣ ಹೊಡೆಯಬೇಕು.

ಜೋಡಿಸುವಾಗ ಅಂದಕ್ಕೆಂದು ಸ್ಟೇನ್‌ಲೆಸ್ ಅಲೆನ್ ಬೋಲ್ಟ್ ಹಾಕುವವರು ಅದರ ಮರೆಗೆ (ತಿರುಪಿನ ಸುತ್ತುಗಳಿಗೆ) ಗ್ರೀಸ್ ಹಚ್ಚಿರಿ. ಉಪ್ಪು ಸೇರಿದರೆ ಸ್ಟೇನ್‌ಲೆಸ್ ಪಕ್ಕದ ಅಲ್ಯೂಮಿನಿಯಂ ಮರೆಯನ್ನೇ ತಿನ್ನಿಸುತ್ತದೆ, ಮುಂದಿನ ಸಲ ಬೋಲ್ಟ್ ಜೊತೆ ಅದೂ ಕಿತ್ತುಬರುತ್ತದೆ.