ಸೊಳ್ಳೆ ನುಗ್ಗದ ಸಂಪ್ ಕಟ್ಟಿಸುವುದು ಹೇಗೆ?

ದಾವಣಗೆರೆ, ಚಿತ್ರದುರ್ಗದಲ್ಲಿ ನಲ್ಲಿ ನೀರು ದಿನಾ ಬರುವುದಿಲ್ಲ. ಬಂದಾಗ ತುಂಬಿಟ್ಟುಕೊಳ್ಳಬೇಕು. ಹಾಗಾಗಿ ಮನೆ ಕಟ್ಟಿಸುವವರು ಎಲ್ಲಕ್ಕಿಂತ ಮೊದಲು ಸಂಪ್ ತೋಡಿಸುತ್ತಾರೆ, ದೊಡ್ಡದೇ ತೋಡಿಸುತ್ತಾರೆ. ಮುಚ್ಚಳದ ಸರದಿ ಬರುವಷ್ಟರಲ್ಲಿ ಮಾತ್ರ ದುಡ್ಡು ಖಾಲಿ! ಮಿಕ್ಕ ತಗಡನ್ನೋ ಸೆಂಟ್ರಿಂಗ್ ಹಲಗೆಯನ್ನೋ ಎಳೆದು, ಮೇಲೊಂದು ಕಲ್ಲು ಹೇರಿ ಕೈ ತೊಳೆದುಕೊಳ್ಳುತ್ತಾರೆ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಚರಂಡಿ ಬೇಕಿಲ್ಲ, ಇಂಥ ತಿಳಿನೀರೇ ಇಷ್ಟ. ಮೊಟ್ಟೆ ಇಟ್ಟ ಎಂಟ್ಹತ್ತು ದಿನಕ್ಕೆ ಹೊಸ ಸೊಳ್ಳೆ ಹಾರುತ್ತದೆ.

ಮೊದಲು ಜಾಗ. ಶೌಚದ ಗುಂಡಿಯಿಂದ ಆದಷ್ಟು ದೂರ ಇರಲಿ.

ಎರಡನೆಯದು ಬಾಯಿಯ ಕಟ್ಟೆ. ಅಂಗಳಕ್ಕಿಂತ ಅರ್ಧ ಅಡಿಯಾದರೂ ಎತ್ತರ ಇರಬೇಕು. ಗಾಡಿ ನಿಲ್ಲಿಸಲು ಅಡ್ಡ ಅಂತ ಟೈಲ್ಸ್ ಮಟ್ಟಕ್ಕೇ ಮುಚ್ಚಳ ಕೂರಿಸುವವರೇ ಜಾಸ್ತಿ. ಜೋರು ಮಳೆಗೆ ಅಂಗಳದ ಕೊಳಕೆಲ್ಲ ನೇರ ಒಳಗೆ. ಕುಡಿಯುವ ನೀರು ಕೆಟ್ಟರೆ ಏನಾಗುತ್ತದೆ ಎಂಬುದನ್ನು 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿ ನೋಡಿದೆ, ಕಲುಷಿತ ನೀರು ಕುಡಿದು ಅಲ್ಲಿ ಜನ ಸತ್ತರು.

ಈಗ ಮುಚ್ಚಳ. ಎಲ್ಲರೂ ಎಡವುವುದು ಇಲ್ಲೇ. ಮೇಸ್ತ್ರಿ ಕಟ್ಟೆ ಮುಗಿಸಿದ ಮೇಲೆ ವೆಲ್ಡರ್‌ನನ್ನು ಕರೆಯಬೇಡಿ, ಅದಕ್ಕೂ ಮೊದಲೇ ಕರೆಯಿರಿ. ಕಬ್ಬಿಣದ ಆಂಗಲ್ ಫ್ರೇಮನ್ನು (ಎಲ್ ಆಕಾರದ ಪಟ್ಟಿಯ ಚೌಕಟ್ಟು) ಗಾರೆ ಹಸಿ ಇರುವಾಗಲೇ ಕಟ್ಟೆ ಮೇಲೆ ಕೂರಿಸಿ, ನಾಲ್ಕೂ ಮೂಲೆಗೆ ಮಟ್ಟ ಹಿಡಿಸಿ. ಒಂದು ಮೂಲೆ ಎದ್ದಿದ್ದರೂ ಮುಚ್ಚಳ ಕುಂಟುತ್ತದೆ, ಆ ಸಂದಿಯೇ ಸೊಳ್ಳೆಗೆ ದಾರಿ. ಶೀಟು 3 ಮಿ.ಮೀ. ದಪ್ಪ ಇರಲಿ. ತೆಳು ತಗಡು ಯಾರಾದರೂ ಒಮ್ಮೆ ತುಳಿದರೆ ಸಾಕು, ನಡು ಬಗ್ಗಿ ಅಂಚು ಏಳುತ್ತದೆ. ಮುಚ್ಚಳದ ಅಂಚು ಕಟ್ಟೆಯ ಹೊರಗೆ ಎರಡು ಇಂಚು ಕೆಳಕ್ಕೆ ಇಳಿದಿರಬೇಕು, ಡಬ್ಬಿಗೆ ಮುಚ್ಚಳ ಹಾಕಿದ ಹಾಗೆ. ಒಳಗಡೆ ಸುತ್ತಲೂ ರಬ್ಬರ್ ಬೀಡಿಂಗ್ ಪಟ್ಟಿ ಅಂಟಿಸಿ. ಸ್ಪಂಜಿನ ಪಟ್ಟಿ ಅಗ್ಗಕ್ಕೆ ಸಿಗುತ್ತದೆ, ತರಬೇಡಿ. ನೀರು ಹೀರಿ ಕೊಳೆತು ಉದುರುತ್ತದೆ.

ಮೋಟರ್ ಪೈಪು, ವೈರು ಹೋಗುವ ತೂತು ಮರೆಯಬೇಡಿ. ಒಂದೂವರೆ ಇಂಚಿನ ಪೈಪಿಗೆ ನಾಲ್ಕಿಂಚು ತೂತು ಕೊರೆದು ಚಿಂದಿ ಬಟ್ಟೆ ತುರುಕುವ ಪ್ಲಂಬರ್‌ಗಳಿದ್ದಾರೆ. ಸಿಮೆಂಟ್ ಹಾಕಿಸಿ ಮುಚ್ಚಿಸಿ.

ಪರೀಕ್ಷೆ ಸುಲಭ. ಕತ್ತಲಾದ ಮೇಲೆ ಟಾರ್ಚ್ ಹಚ್ಚಿ ಒಳಗೆ ನೇತುಹಾಕಿ, ಮುಚ್ಚಳ ಹಾಕಿ ಸುತ್ತ ನೋಡಿ. ಎಲ್ಲಿಂದ ಬೆಳಕು ಸೋರುತ್ತದೋ ಅಲ್ಲಿ ಕೆಲಸ ಬಾಕಿ ಇದೆ. ವೆಲ್ಡರ್‌ಗೆ ಪೂರ್ತಿ ದುಡ್ಡು ಕೊಡುವ ಮುಂಚೆಯೇ ಇದನ್ನು ಮಾಡಿ.

ಮಾಳಿಗೆ ಮೇಲಿನ ಟ್ಯಾಂಕಿನ ಓವರ್‌ಫ್ಲೋ ಪೈಪು, ಗಾಳಿ ಪೈಪು, ಶೌಚದ ಗುಂಡಿಯ ಗಾಳಿ ಕೊಳವೆ, ಎಲ್ಲದರ ಬಾಯಿಗೂ ಸ್ಟೀಲ್ ಜಾಲರಿ ಸುತ್ತಿ ಕ್ಲಿಪ್ ಬಿಗಿಯಿರಿ. ನೈಲಾನ್ ಜಾಲರಿ ನಮ್ಮ ಬಿಸಿಲಿಗೆ ಪುಡಿಪುಡಿ.

ಫಿನಾಯಿಲ್, ಸೀಮೆಎಣ್ಣೆ ಸುರಿಯುವ ಉಪಾಯ ಬಳಸುವ ನೀರಿಗೆ ಬೇಡವೇ ಬೇಡ. ಸಂಪ್ ಖಾಲಿ ಮಾಡಿಸಿದಾಗ ಸುಮ್ನೆ ನೀರು ಎರಚಿದರೂ ಸಾಲದು. ಈಡಿಸ್ ಮೊಟ್ಟೆ ಗೋಡೆಗೆ ಅಂಟಿಕೊಂಡಿರುತ್ತದೆ, ನೀರಿಲ್ಲದೆಯೂ ತಿಂಗಳುಗಟ್ಟಲೆ ಬದುಕುತ್ತದೆ. ಬ್ರಷ್ ಹಾಕಿ ಗಸಗಸ ಉಜ್ಜಲೇಬೇಕು.

ಇನ್ನು ಮನೆ ಕಟ್ಟುವಾಗಿನ ಮಾತು. ಆರ್‌ಸಿಸಿ ಹಾಕಿದ ಮೇಲೆ ಕ್ಯೂರಿಂಗ್‌ಗೆ, ಅಂದರೆ ಕಾಂಕ್ರೀಟ್ ಒದ್ದೆಯಾಗಿದ್ದು ಗಟ್ಟಿಯಾಗಲಿ ಅಂತ, ಮಣ್ಣಿನ ಬದು ಕಟ್ಟಿ ನೀರು ನಿಲ್ಲಿಸುತ್ತಾರಲ್ವಾ? ಏಳರಿಂದ ಹದಿನಾಲ್ಕು ದಿನ ಅದು ನಿಲ್ಲುತ್ತದೆ. ಸೊಳ್ಳೆಗೂ ಅಷ್ಟೇ ದಿನ ಸಾಕು. 2024ರಲ್ಲಿ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಎಂದು ಘೋಷಿಸಿದಾಗ, ಪಟ್ಟಣದಲ್ಲಿ ಕಟ್ಟುತ್ತಿರುವ ಕಟ್ಟಡದಲ್ಲಿ ಸೊಳ್ಳೆ ಬೆಳೆಯಲು ಬಿಟ್ಟರೆ 2000 ರೂಪಾಯಿ ದಂಡ ಎಂದಿತು. ವಾಸದ ಮನೆಗಾದರೆ 400. ನನ್ನ ಮಟ್ಟಿಗೆ ಒದ್ದೆ ಗೋಣಿಚೀಲ ಹಾಸಿ ಆಗಾಗ ನೀರು ಹಾಯಿಸುವುದೇ ಒಳ್ಳೆಯದು. ಬದು ಕಟ್ಟಲೇಬೇಕು ಅಂತ ಮೇಸ್ತ್ರಿ ಹಟ ಹಿಡಿದರೆ, ನಾಲ್ಕೈದು ದಿನಕ್ಕೊಮ್ಮೆ ಹಳೇ ನೀರನ್ನು ಪೂರ್ತಿ ಗುಡಿಸಿ ಒಣ ಮಣ್ಣಿಗೆ ಚೆಲ್ಲಿಸಿ, ಕೂಡಲೇ ಹೊಸ ನೀರು ಬಿಡಿಸಿ.