ಒರೆಯಿಂದ ಉದುರಿದ ಮರದ ಪುಡಿ

ಜಪಾನಿನ ಕವಾಸಾಕಿ ಊರಿಗೆ ಬಂದ ಮೂರನೇ ವರ್ಷ ನನ್ನ ಕುತ್ತಿಗೆ ಹಿಡಿದುಕೊಂಡಿತು. ದಿನಕ್ಕೆ ಹತ್ತು ಗಂಟೆ ಕಂಪ್ಯೂಟರ್ ಮುಂದೆ ಕೂರುವವನಿಗೆ ಇದೇನು ದೊಡ್ಡ ಸುದ್ದಿಯಲ್ಲ. ರಾತ್ರಿ ನಿದ್ದೆ ಬರುತ್ತಿರಲಿಲ್ಲ, ಬೆಳಗ್ಗೆ ಸಣ್ಣ ಮಾತಿಗೂ ಸಿಡುಕು. ಊರಲ್ಲಿದ್ದಿದ್ದರೆ ಅಮ್ಮ ಎಣ್ಣೆ ಹಚ್ಚಿ ಬಿಸಿನೀರು ಹಾಕುತ್ತಿದ್ದರು. ಇಲ್ಲಿ ಮನೆ ಹತ್ತಿರ ಊರಿನವರ ಬಳಕೆಗೆ ಒಂದು ವ್ಯಾಯಾಮಶಾಲೆ ಇತ್ತು. ಟ್ರೆಡ್‌ಮಿಲ್ ಬಗ್ಗೆ ವಿಚಾರಿಸೋಣ ಅಂತ ಹೋದೆ.

ಮಹಡಿ ಮೇಲೆ ಮರದ ನೆಲದ ಹಾಲ್. ಹತ್ತು ಹನ್ನೆರಡು ಜನ, ಹೆಚ್ಚಿನವರು ಅರವತ್ತು ದಾಟಿದವರು, ಸೊಂಟಕ್ಕೆ ಕತ್ತಿ ಸಿಕ್ಕಿಸಿಕೊಂಡು ಕೂತಿದ್ದರು. ಒಬ್ಬ ಅಜ್ಜ ಕೂತಲ್ಲಿಂದಲೇ ಕತ್ತಿ ಎಳೆದು ಬೀಸಿದರು. ಸುಯ್ ಅಂತ ಒಂದು ಸದ್ದು, ಅಷ್ಟೇ. ಆಮೇಲೆ ಅವರು ಅದನ್ನು ಒರೆಗೆ ಸೇರಿಸಿದ ರೀತಿ ಇದೆಯಲ್ಲ, ಅದನ್ನು ನೋಡಿ ನಾನು ಟ್ರೆಡ್‌ಮಿಲ್ ಮರೆತೆ. ಆ ಅಜ್ಜನೇ ಈಗ ನನ್ನ ಸೆನ್ಸೇ, ಅಂದರೆ ಗುರು.

ಈ ವಿದ್ಯೆಯ ಹೆಸರು ಇಯಾಯ್‌ದೋ. ಕೆಂಡೋ ಗೊತ್ತಿರುತ್ತದೆ, ಬಿದಿರಿನ ಕತ್ತಿ ಹಿಡಿದು, ಕವಚ ತೊಟ್ಟು, ಕಿರುಚುತ್ತಾ ಹೊಡೆದಾಡುವುದು. ಇಯಾಯ್‌ದೋದಲ್ಲಿ ಎದುರಾಳಿಯೇ ಇರುವುದಿಲ್ಲ. ಅವನನ್ನು ನೀವೇ ಕಲ್ಪಿಸಿಕೊಳ್ಳಬೇಕು. ಒರೆಯಲ್ಲಿರುವ ಕತ್ತಿಯನ್ನು ಎಳೆಯುತ್ತಲೇ ಮೊದಲ ಏಟು, ಎತ್ತಿ ಕಡಿಯುವುದು, ಅಲಗಿಗೆ ಅಂಟಿದ ರಕ್ತ ಕೊಡವುವುದು, ಮತ್ತೆ ಒರೆಗೆ ಸೇರಿಸುವುದು. ಇಷ್ಟೇ. 16ನೇ ಶತಮಾನದ ಹಯಾಶಿಜಾಕಿ ಜಿನ್‌ಸುಕೆ ಇದರ ಮೂಲಪುರುಷ ಅನ್ನುತ್ತಾರೆ. ಯಾಮಾಗಾತಾ ಪ್ರಾಂತ್ಯದಲ್ಲಿ ಅವನ ಹೆಸರಿನ ಗುಡಿಯೇ ಇದೆ. 1876ರಲ್ಲಿ ಸರ್ಕಾರ ಸಮುರಾಯ್‌ಗಳು ಕತ್ತಿ ಕಟ್ಟಿಕೊಂಡು ಓಡಾಡುವುದನ್ನೇ ನಿಷೇಧಿಸಿತು. ಆದರೂ ಎಳೆಯುವ ವಿದ್ಯೆ ಉಳಿಯಿತು. ಕತ್ತಿಗೆ ಕೆಲಸವಿಲ್ಲದ ಕಾಲದಲ್ಲೂ ಜನ ಇದನ್ನು ಬಿಡಲಿಲ್ಲ ಅಂದರೆ ಬೇರೇನೋ ಇರಬೇಕು ಅಲ್ವಾ? ನಾನು ಸೇರಿದ್ದು ಆ ಕುತೂಹಲಕ್ಕೇ.

ಮೊದಲ ತಿಂಗಳು ಕೂರುವುದು, ಏಳುವುದು, ಬಗ್ಗಿ ನಮಸ್ಕರಿಸುವುದು. ಕೂರುವಾಗ ಎಡಮಂಡಿ ಮೊದಲು, ಏಳುವಾಗ ಬಲಗಾಲು ಮೊದಲು. ಕೂರುವ ಮುಂಚೆ ಹಕಾಮ ಅನ್ನುವ ಲಂಗದಂಥ ಪ್ಯಾಂಟಿನ ಅಗಲ ಕಾಲುಗಳನ್ನು ಬಲಗೈಯಿಂದ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಸರಿಸಬೇಕು. ಪಂಚೆ ಎತ್ತಿ ಕೂತು ಅಭ್ಯಾಸವಿದ್ದ ನನಗೆ ಇದು ಬೇಗ ಬಂತು. ಇವರ ಸೇಜಾ ಅಂದರೆ ನಮ್ಮ ವಜ್ರಾಸನವೇ ತಾನೇ ಅಂತ ಸ್ವಲ್ಪ ಜಂಬವೂ ಇತ್ತು. ಹದಿನೈದು ನಿಮಿಷಕ್ಕೆ ಕಾಲು ಜೋಮು ಹಿಡಿದು, ಏಳಲು ಹೋಗಿ ಮುಗ್ಗರಿಸಿದೆ. ಯಾರೂ ನಗಲಿಲ್ಲ. ನಕ್ಕಿದ್ದರೇ ವಾಸಿಯಿತ್ತು. ಮರುವಾರ ನೋಡುತ್ತೇನೆ, ಹಿರಿಯರು ಕೂಡ ಹಕಾಮದ ಒಳಗೆ ಮಂಡಿಗೆ ಪ್ಯಾಡ್ ಕಟ್ಟಿಕೊಳ್ಳುತ್ತಾರೆ! ನಾನೂ ತಂದೆ.

ಕುತ್ತಿಗೆಗೆ ಔಷಧಿ ಸಿಕ್ಕಿದ್ದು ಕಣ್ಣಿನಿಂದ. ಇಲ್ಲಿ ಎದುರಾಳಿಯ ಕತ್ತಿಯನ್ನು ದಿಟ್ಟಿಸಿ ನೋಡಬಾರದು. ದೂರದ ಬೆಟ್ಟ ನೋಡುವಂತೆ ಅವನನ್ನು ಇಡಿಯಾಗಿ ನೋಡಬೇಕು. ಎನ್‌ಜಾನ್ ನೋ ಮೆತ್ಸುಕೆ ಅನ್ನುತ್ತಾರೆ. ಸೆನ್ಸೇ ಇದನ್ನು ಹೇಳಿದಾಗ ನನಗೆ ಸೀದಾ ಕೊಡಚಾದ್ರಿ ನೆನಪಾಯಿತು. ನಿಟ್ಟೂರಿನ ಕಡೆಯ ನಮ್ಮ ಮನೆ ಅಂಗಳದಲ್ಲಿ ನಿಂತು ಅದನ್ನು ನೋಡುವಾಗ ಗದ್ದ ತಾನಾಗಿ ಮಟ್ಟಕ್ಕೆ ಬರುತ್ತದೆ, ಭುಜ ಇಳಿಯುತ್ತದೆ. ಅದೇ ಅದು. ಆಫೀಸಿನಲ್ಲೂ ಗಂಟೆಗೊಮ್ಮೆ ಕಿಟಕಿ ಆಚೆ ಕೊಡಚಾದ್ರಿ ಇದೆ ಅಂದುಕೊಂಡು ನೋಡುತ್ತೇನೆ. ಇರುವುದು ಎದುರಿನ ಅಪಾರ್ಟ್‌ಮೆಂಟು.

ಮೊದಮೊದಲು ಮರದ ಕತ್ತಿ. ಎಂಟನೇ ತಿಂಗಳಲ್ಲಿ ಇಯಾಯ್‌ತೋ ಕೊಂಡೆ. ಅದು ಅಭ್ಯಾಸದ ಕತ್ತಿ. ಉಕ್ಕಿನದ್ದಲ್ಲ, ಮಿಶ್ರಲೋಹದ್ದು, ಅಯಸ್ಕಾಂತ ಅಂಟುವುದಿಲ್ಲ. ನಿಜವಾದ ಕತ್ತಿಗೆ ಇಲ್ಲಿ ನೋಂದಣಿ ಪತ್ರ ಬೇಕು, ಬೆಲೆಯೂ ನನ್ನ ಕೈಗೆಟುಕುವಂಥದ್ದಲ್ಲ. ಅಲಗಿನ ಅಳತೆ ಇನ್ನೂ ಹಳೇ ಲೆಕ್ಕದಲ್ಲಿದೆ. ನನ್ನದು 2 ಶಾಕು 4 ಸುನ್ 5 ಬು, ಅಂದರೆ ಸುಮಾರು 74 ಸೆಂಟಿಮೀಟರ್. ಅಮ್ಮನಿಗೆ ವಿಡಿಯೋ ಕಾಲ್‌ನಲ್ಲಿ ತೋರಿಸಿದೆ. "ಆಯುಧಪೂಜೆ ಬಂತಲ್ಲ, ಕುಂಕುಮ ಹಚ್ಚೋ" ಅಂದರು. ಅಲಗನ್ನು ಬರಿಗೈಯಲ್ಲಿ ಮುಟ್ಟುವುದೇ ಇಲ್ಲಿ ತಪ್ಪು ಅಂದರೆ ಅವರಿಗೆ ಒಪ್ಪಿಗೆಯಾಗಲಿಲ್ಲ. ಕೊನೆಗೆ ಕತ್ತಿ ಇಡುವ ಚೀಲದ ಮೇಲೆ ಒಂದು ಹೂವಿಟ್ಟು ರಾಜಿ ಮಾಡಿಕೊಂಡೆವು.

ಕಷ್ಟ ಶುರುವಾಗಿದ್ದು ಅಲ್ಲಿಂದ. ಅಖಿಲ ಜಪಾನ್ ಕೆಂಡೋ ಒಕ್ಕೂಟ ಗೊತ್ತುಮಾಡಿದ 12 ಕಾತಾಗಳಿವೆ, ಅಂದರೆ ಕ್ರಮ ತಪ್ಪದೆ ಮಾಡಬೇಕಾದ ಚಲನೆಗಳ ಸರಣಿಗಳು. ಮೊದಲನೆಯದು ಮಾಯೆ. ನಮ್ಮ ಮಾಯೆಯಲ್ಲ, ಜಪಾನಿಯಲ್ಲಿ 'ಎದುರು' ಅಂತ ಅರ್ಥ. ಎದುರು ಕೂತವನು ಕತ್ತಿಗೆ ಕೈ ಹಾಕುವ ಸುಳಿವು ಸಿಕ್ಕ ಕೂಡಲೇ ಕೂತಲ್ಲಿಂದ ಎದ್ದು ಅವನ ಕಣತಲೆಗೆ ಅಡ್ಡ ಬೀಸುವುದು. ನಾನು ಬಲಗೈಯಲ್ಲಿ ಬಲ ಹಾಕಿ ಎಳೆಯುತ್ತಿದ್ದೆ. ಪ್ರತಿ ಸಲವೂ ಕರ್ ಅಂತ ಸದ್ದು. ಒಂದು ದಿನ ಸೆನ್ಸೇ ನನ್ನ ಒರೆಯನ್ನು ತೆಗೆದುಕೊಂಡು, ಬಾಯಿ ಕೆಳಗೆ ಮಾಡಿ, ಅಂಗೈ ಮೇಲೆ ತಟ್ಟಿದರು. ಮರದ ಪುಡಿ ಬಿತ್ತು. "ಇದು ನಿನ್ನ ಅವಸರ" ಅಂದರು.

ಒರೆ ಮಾಡುವುದು ಹೋ ಅನ್ನುವ ಮರದಿಂದ, ಬಲು ಮೆತ್ತಗಿನ ಮರ. ಕತ್ತಿಯನ್ನು ಬರೀ ಬಲಗೈಯಿಂದ ಎಳೆದರೆ ಅಲಗಿನ ಅಂಚು ಒಳಗೋಡೆಯನ್ನು ಹೆರೆಯುತ್ತದೆ. ನಿಜವಾದ ಕತ್ತಿಯಾದರೆ ಒರೆಯನ್ನೇ ಸೀಳಿ, ಅದನ್ನು ಹಿಡಿದ ಬೆರಳನ್ನೂ ಸೀಳಬಹುದು. ಕೆಲಸ ಮಾಡಬೇಕಾದ್ದು ಎಡಗೈ. ಅದು ಒರೆಯನ್ನು ನಿಧಾನಕ್ಕೆ ಹೊರಳಿಸಬೇಕು, ಕೊನೇ ಗಳಿಗೆಯಲ್ಲಿ ಹಿಂದಕ್ಕೆ ಸೆಳೆಯಬೇಕು. ಆಗ ಕತ್ತಿ ತಾನಾಗಿ ಬಿಡುಗಡೆಯಾಗುತ್ತದೆ. ನೋಡುವವರ ಕಣ್ಣೆಲ್ಲ ಬಲಗೈ ಮೇಲೆ, ಕತ್ತಿ ಎಳೆಯುವುದು ಮಾತ್ರ ಎಡಗೈ. ಇದು ತಲೆಗೆ ಒಂದೇ ದಿನದಲ್ಲಿ ಹೋಯಿತು. ಕೈಗೆ ಇಳಿಯಲು ಒಂದೂವರೆ ವರ್ಷ ಹಿಡಿಯಿತು.

ಒರೆಗೆ ಸೇರಿಸುವುದು ಇನ್ನೂ ಕಷ್ಟ. ಅದಕ್ಕೆ ನೋತೋ ಅನ್ನುತ್ತಾರೆ. ಒರೆಯ ಬಾಯನ್ನು ಎಡಗೈ ಹೆಬ್ಬೆರಳು, ತೋರುಬೆರಳಿಂದ ಸುತ್ತಿ ಹಿಡಿದು, ಆ ಬೆರಳುಗಳ ನಡುವೆ ಅಲಗಿನ ಬೆನ್ನನ್ನು ಜಾರಿಸುತ್ತಾ ಬಂದರೆ ಮೊನೆ ತಾನಾಗಿ ಒಳಗೆ ಬೀಳುತ್ತದೆ. ಒರೆಯ ಕಡೆ ನೋಡುವಂತಿಲ್ಲ. ಕಣ್ಣು ನೆಲಕ್ಕೆ ಬಿದ್ದಿರುವ ಎದುರಾಳಿಯ ಮೇಲೇ ಇರಬೇಕು, ಅವನು ಮತ್ತೆ ಎದ್ದರೆ? ನಾನು ಮಾಡುತ್ತಿದ್ದ ತಪ್ಪು ಏನೆಂದರೆ, ಕಡಿದ ಕೂಡಲೇ ಮನಸ್ಸಿನಲ್ಲಿ ಕೆಲಸ ಮುಗಿಯುತ್ತಿತ್ತು. ನೋತೋ ಅಂದರೆ ಸುಮ್ನೆ ಎತ್ತಿಡುವ ಕೆಲಸ ಅಂದುಕೊಂಡಿದ್ದೆ. ಒಂದು ಗುರುವಾರ ಆಫೀಸಿನ ಜಗಳವನ್ನೇ ತಲೆಯಲ್ಲಿಟ್ಟುಕೊಂಡು ಬಂದಿದ್ದೆ. ಮೊನೆ ಒರೆ ತಪ್ಪಿ ಎಡಗೈ ಹೆಬ್ಬೆರಳ ಬುಡಕ್ಕೆ ಚುಚ್ಚಿತು. ಇಯಾಯ್‌ತೋಗೆ ಹರಿತ ಇಲ್ಲ, ಮೊನೆ ಇದೆ. ಮರದ ನೆಲದ ಮೇಲೆ ಬಿದ್ದ ರಕ್ತವನ್ನು ನಾನೇ ಒರೆಸಿದೆ. ಸೆನ್ಸೇ ಕೇಳಿದ್ದು ಒಂದೇ: "ಚುಚ್ಚಿದಾಗ ಎದುರಾಳಿ ಎಲ್ಲಿದ್ದ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಎದುರಾಳಿ ಹಾಲ್‌ನಲ್ಲೇ ಇರಲಿಲ್ಲ, ಆಫೀಸಿನಲ್ಲಿದ್ದ.

ಜೀವ, ಕತ್ತಿ, ಮೈ ಮೂರೂ ಒಂದಾಗಬೇಕು ಅನ್ನುವ ಮಾತು ಇಲ್ಲಿ ದಿನಾ ಕೇಳಿಬರುತ್ತದೆ. ಕಿ-ಕೆನ್-ತಾಯ್ ಇಚ್ಚಿ. ಗೋಡೆಗೆ ಬರೆದು ಹಾಕುವ ಮಾತು ಅಂತ ಮೊದಲು ಅನ್ನಿಸಿತ್ತು. ಈಗ ಅದು ನನ್ನ ಮಟ್ಟಿಗೆ ಕೈ ಮೇಲಿನ ಸಣ್ಣ ಗಾಯದ ಗುರುತು. ನಿದ್ದೆ ಬರತೊಡಗಿದ್ದೂ ಆ ಹೊತ್ತಿಗೇ. ಧ್ಯಾನ ಮಾಡಲು ಕೂತರೆ ನನ್ನ ತಲೆ ನಿಲ್ಲುವುದಿಲ್ಲ. ಮೊನೆ ಕೈಗೆ ಚುಚ್ಚಬಹುದು ಅಂದಾಗ ನಿಲ್ಲುತ್ತದೆ!

ಶೋದಾನ್, ಅಂದರೆ ಮೊದಲ ದಾನ್ ದರ್ಜೆಯ ಪರೀಕ್ಷೆಯಲ್ಲಿ ಮೂರನೇ ಕಾತಾದ ಕೊನೆಗೆ ಮೊನೆ ಮತ್ತೆ ಒರೆಯ ಬಾಯಿ ತಪ್ಪಿತು. ಹಿಂದಿನ ನಾನಾಗಿದ್ದರೆ ಗಡಿಬಿಡಿಯಲ್ಲಿ ತುರುಕುತ್ತಿದ್ದೆ. ಅಲ್ಲೇ ನಿಂತೆ, ಒಂದು ಉಸಿರು ಬಿಟ್ಟೆ, ಬೆರಳಿಂದ ಮತ್ತೆ ಅಲಗಿನ ಬೆನ್ನು ಹುಡುಕಿ ಒಳಗೆ ಬಿಟ್ಟೆ. ಪರೀಕ್ಷಕರು ಏನು ನೋಡಿದರೋ, ಪಾಸಾಯಿತು. ಬರೆಯುವ ಪರೀಕ್ಷೆಯಲ್ಲಿ ಜಪಾನಿಯ ಸರಳ ಲಿಪಿಯಾದ ಹಿರಾಗಾನದಲ್ಲೇ ಹೇಗೋ ದಡ ಸೇರಿದೆ.

ಯಾರಾದರೂ ಕಲಿಯಬೇಕು ಅಂತಿದ್ದರೆ ನನ್ನದು ಒಂದೇ ಕೋರಿಕೆ. ವಿಡಿಯೋ ನೋಡಿಕೊಂಡು ಮನೆಯಲ್ಲಿ ಲೋಹದ ಕತ್ತಿ ಎಳೆಯಬೇಡಿ. ಬೆರಳು ಎಲ್ಲಿದೆ ಅಂತ ಹೇಳಲು ಪಕ್ಕದಲ್ಲಿ ಒಬ್ಬರು ಬೇಕೇ ಬೇಕು.

ತಿಂಗಳಿಗೊಮ್ಮೆ ಒರೆಯನ್ನು ಪೇಪರ್ ಮೇಲೆ ತಲೆಕೆಳಗು ಮಾಡಿ ತಟ್ಟುತ್ತೇನೆ. ಮೊದಲ ವರ್ಷ ಒಂದು ಚಿಟಿಕೆ ಪುಡಿ ಬೀಳುತ್ತಿತ್ತು. ಆಮೇಲೆ ಕಡಿಮೆಯಾಗುತ್ತಾ ಬಂತು. ಕಳೆದ ತಿಂಗಳು ಆಫೀಸಿನಲ್ಲಿ ರಿಲೀಸ್ ಇತ್ತು, ಮೂರು ವಾರ ಸರಿಯಾಗಿ ಮಲಗಿರಲಿಲ್ಲ. ತಟ್ಟಿದೆ. ಸ್ವಲ್ಪ ಜಾಸ್ತಿಯೇ ಬಿತ್ತು.